ಸಿಗ್ನಲ್ ಫುಲ್, ಸ್ಪೀಡ್ ಇಲ್ಲ: ಹಳೇ ಮನೆಗೆ ವೈಫೈ ಸರಿ ಮಾಡೋದು ಹೇಗೆ?

ಮಲೆನಾಡ_ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯ ಹಳೇ ಮನೆ. ಗೋಡೆ ಎಲ್ಲ ಜಂಬಿಟ್ಟಿಗೆಯದು, ಒಂದೂವರೆ ಅಡಿ ದಪ್ಪ. ಮುಂಭಾಗ ಹೆಂಚು, ಹಿಂದುಗಡೆ ಆಮೇಲೆ ಕಟ್ಟಿದ ಆರ್‌ಸಿಸಿ ಭಾಗ, ಅದರ ಮೇಲೊಂದು ಕೋಣೆ. ಫೈಬರ್ ಲೈನ್ ಜಗುಲಿವರೆಗೆ ಬಂದಿದೆ, 100 ಎಂಬಿಪಿಎಸ್ ಪ್ಲಾನು. ಕಂಪನಿಯವರು ಕೊಟ್ಟ ಡಬ್ಬಿಯಲ್ಲೇ (ಓಎನ್‌ಟಿ ಅಂತಾರೆ) ವೈಫೈ ಇದೆ. 1200 ಅಂತ ಬರೆದಿದೆ, ಎರಡು ಹೆಸರು ಬರುತ್ತೆ, ಒಂದರ ಕೊನೆಗೆ 5ಜಿ ಅಂತಿದೆ.

ಜಗುಲಿಯಲ್ಲಿ 90ರ ಮೇಲೆ ಸ್ಪೀಡ್ ಇದೆ. ಅಡುಗೆಮನೆಯಲ್ಲಿ ಕಡ್ಡಿ ಪೂರ್ತಿ ತೋರಿಸಿದರೂ 30-35 ದಾಟಲ್ಲ. ಮಹಡಿ ಕೋಣೆಯಲ್ಲಿ ವೀಡಿಯೊ ಕಾಲ್ ಮಾಡಿದರೆ ನನಗೆ ಅವರು ಕೇಳಿಸ್ತಾರೆ, ಅವರಿಗೆ ನಾನು ಕೇಳಿಸಲ್ಲ. ಇದರ ಜೊತೆ 160 ಮೀಟರ್ ದೂರದ ಪಂಪ್‌ಹೌಸ್‌ಗೆ ಎರಡು ಸಿಸಿಟಿವಿ ಕ್ಯಾಮೆರಾ ಹಾಕಬೇಕು. ನಡುವೆ ಅಡಿಕೆ ತೋಟ.

ಅಂಗಡಿಯಲ್ಲಿ ಒಬ್ಬರು ರಿಪೀಟರ್ ಅಂದರು, ಇನ್ನೊಬ್ಬರು ಮೆಶ್ ಅಂದರು, ಮತ್ತೊಬ್ಬರು ನಾಲ್ಕು ಆಂಟೆನಾದ ರೂಟರ್ ತಗೊಳ್ಳಿ ಅಂದರು. ಬ್ಯಾಂಡ್, ಚಾನೆಲ್, ಡಿಬಿಎಂ, ಆಕ್ಸೆಸ್ ಪಾಯಿಂಟ್ ಅಂದರೆ ಏನು ಅನ್ನೋದೂ ಸರಿಯಾಗಿ ಗೊತ್ತಿಲ್ಲ. ಹಳೇ 300 ಎಂಬಿಪಿಎಸ್ ರೂಟರ್ ಒಂದು ಮೂಲೆಯಲ್ಲಿ ಬಿದ್ದಿದೆ, ಉಪಯೋಗ ಆಗುತ್ತಾ?

ಮೂರು_ಡಿಬಿ

ಏನೂ ಕೊಳ್ಳಬೇಡಿ, ಮೊದಲು ಅಳೆಯಿರಿ. ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಸಂಖ್ಯೆಗಳು ಒಂದಕ್ಕೊಂದು ಕಲೆತಿವೆ. ಅವನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಒಂದನೆಯದು ಲೈನಿನ ಸ್ಪೀಡ್. ಫೈಬರಿನಲ್ಲಿ ನಿಮ್ಮ ಮನೆಗೆ ಬರುವುದು 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಫೈಲ್ ಇಳಿಸುವಾಗ ಸೆಕೆಂಡಿಗೆ 12 ಮೆಗಾಬೈಟ್ ಕಂಡರೆ ಲೈನ್ ಪೂರ್ತಿ ಸಿಗುತ್ತಿದೆ ಎಂದೇ ಲೆಕ್ಕ.

ಎರಡನೆಯದು ಲಿಂಕ್ ಸ್ಪೀಡ್. ಫೋನಿಗೂ ಡಬ್ಬಿಗೂ ನಡುವೆ ಗಾಳಿಯಲ್ಲಿ ನಡೆಯುವ ವೇಗ ಇದು. ವೈಫೈ ಬಳಸುವ ರೇಡಿಯೊ ತರಂಗಗಳ ಪಟ್ಟಿಯೇ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್), ಅದರೊಳಗಿನ ಒಂದೊಂದು ಭಾಗ ಚಾನೆಲ್. ಡಬ್ಬಿಯ ಮೇಲಿನ 1200 ಅನ್ನುವುದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎರಡನ್ನೂ ಕೂಡಿಸಿ ದುಂಡು ಮಾಡಿದ ಸಂಖ್ಯೆ. ಒಂದು ಫೋನಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಅದರಲ್ಲೂ 300 ಬರಬೇಕಾದರೆ ಚಾನೆಲ್ 40 ಮೆಗಾಹರ್ಟ್ಸ್ ಅಗಲ ಇರಬೇಕು, ಫೋನಿನಲ್ಲಿ ಎರಡು ಆಂಟೆನಾ ಕೆಲಸ ಮಾಡಬೇಕು. ಸಾಮಾನ್ಯ 20 ಮೆಗಾಹರ್ಟ್ಸ್ ಅಗಲದಲ್ಲಿ, ಒಂದೇ ಆಂಟೆನಾದ ವೈಫೈ 4 ಸಾಧನಕ್ಕೆ ಸಿಗುವ ಗರಿಷ್ಠ ಲಿಂಕ್ 72 ಎಂಬಿಪಿಎಸ್, ಎರಡು ಆಂಟೆನಾಕ್ಕೆ 144. ಲಿಂಕ್ ವೇಗದಲ್ಲಿ ನಿಜವಾದ ಡೇಟಾಗೆ ಉಳಿಯುವುದು ಸುಮಾರು ಅರ್ಧದಿಂದ ಅರವತ್ತು ಪ್ರತಿಶತ. ವೈಫೈಯಲ್ಲಿ ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಕಾಯುವುದು, ಮುಟ್ಟಿತು ಎಂದು ಉತ್ತರ ಕಳಿಸುವುದು, ಮುಟ್ಟದಿದ್ದರೆ ಮತ್ತೆ ಕಳಿಸುವುದು, ಎಲ್ಲವೂ ಅದೇ ಸಮಯದಲ್ಲಿ ಆಗಬೇಕು. 72ರ ಅರ್ಧ 36. ಅಡುಗೆಮನೆಯ 30-35 ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬಹುಶಃ ಇದೇ. ಅಲ್ಲಿ ಫೋನು 5 ಬಿಟ್ಟು 2.4ಕ್ಕೆ ಇಳಿದಿರುತ್ತದೆ.

ಮೂರನೆಯದು ಸಿಗ್ನಲ್ ಬಲ. ಇದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. 0 ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್, 20 ಅಂದರೆ ನೂರು ಮಿಲಿವ್ಯಾಟ್. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲೊಂದು. ಫೋನಿಗೆ ತಲಪುವುದು ಯಾವಾಗಲೂ ಒಂದು ಮಿಲಿವ್ಯಾಟಿಗಿಂತ ಎಷ್ಟೋ ಕಡಿಮೆ, ಅದಕ್ಕೇ ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ. -45 ಬಹಳ ಚೆನ್ನ. -67ರವರೆಗೆ ವೀಡಿಯೊ ಕಾಲ್ ತೊಂದರೆಯಿಲ್ಲದೆ ನಡೆಯುತ್ತದೆ. -75ಕ್ಕೆ ಬಂದರೆ ಬ್ರೌಸಿಂಗ್ ನಡೆದೀತು, ಕಾಲ್ ಮಧ್ಯೆ ಮಧ್ಯೆ ತುಂಡಾಗುತ್ತದೆ. -85 ಅಂದರೆ ಹೆಸರು ಕಾಣುತ್ತದೆ ಅಷ್ಟೇ. ಹಿನ್ನೆಲೆಯ ಗದ್ದಲ ಸುಮಾರು -95ರಲ್ಲಿರುತ್ತದೆ. ಸಿಗ್ನಲ್ಲು ಅದಕ್ಕಿಂತ 25 ಡಿಬಿಯಾದರೂ ಮೇಲಿರಬೇಕು.

ಫೋನಿನ ಕಡ್ಡಿಗಳನ್ನು ನಂಬಬೇಡಿ. ಯಾವ ಡಿಬಿಎಂಗೆ ಎಷ್ಟು ಕಡ್ಡಿ ಎಂದು ಪ್ರತಿ ಕಂಪನಿ ತನಗೆ ಬೇಕಾದಂತೆ ಇಟ್ಟುಕೊಂಡಿರುತ್ತದೆ. ಇನ್ನೊಂದು, ಕಡ್ಡಿ ತೋರಿಸುವುದು ಡಬ್ಬಿಯ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ಡಬ್ಬಿ 20 ಡಿಬಿಎಂನಲ್ಲಿ ಕಳಿಸಿದರೆ ಬ್ಯಾಟರಿಯ ಮೇಲೆ ನಡೆಯುವ ಫೋನು 14-15ರಲ್ಲಿ ಕಳಿಸುತ್ತಿರಬಹುದು. ಮಹಡಿ ಕೋಣೆಯಲ್ಲಿ ಅವರು ನಿಮಗೆ ಕೇಳಿ ನೀವು ಅವರಿಗೆ ಕೇಳದಿರುವುದಕ್ಕೆ ಕಾರಣ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ಅಳೆಯುವುದು ಹೀಗೆ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕಿ. ಲೊಕೇಶನ್ ಆನ್ ಮಾಡಿ ಅನುಮತಿ ಕೊಡದಿದ್ದರೆ ಪಟ್ಟಿ ಖಾಲಿ ಬರುತ್ತದೆ. ಹೊಸ ಆಂಡ್ರಾಯ್ಡ್‌ಗಳಲ್ಲಿ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಲು ಬಿಡುತ್ತಾರೆ, ಹಾಗಾಗಿ ಪ್ರತಿ ಜಾಗದಲ್ಲಿ ಅರ್ಧ ನಿಮಿಷ ನಿಂತು ಓದಿಕೊಳ್ಳಿ. ಐಫೋನ್‌ನಲ್ಲಾದರೆ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಸೆಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ವಿಂಡೋಸ್ ಶೇಕಡಾವಾರು ತೋರಿಸಿದರೆ ಅದರ ಅರ್ಧದಿಂದ 100 ಕಳೆಯಿರಿ: 80 ಪ್ರತಿಶತ ಅಂದರೆ -60 ಡಿಬಿಎಂ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಕೊಂಡು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಿಗ್ನಲ್, ಗದ್ದಲ, ಲಿಂಕ್ ವೇಗ ಮೂರೂ ಅಲ್ಲೇ ಇವೆ.

ಜಗುಲಿ, ನಡುಮನೆ, ಅಡುಗೆಮನೆ, ಮಹಡಿ ಕೋಣೆ, ನಾಲ್ಕೂ ಕಡೆ ಎರಡೂ ಹೆಸರಿನ ಡಿಬಿಎಂ ಬರೆದು ಇಲ್ಲಿ ಹಾಕಿ. ಜೊತೆಗೆ ಲ್ಯಾಪ್‌ಟಾಪಿಗೆ ಓಎನ್‌ಟಿಯಿಂದ ಕೇಬಲ್ ಚುಚ್ಚಿ ಒಮ್ಮೆ ಸ್ಪೀಡ್ ನೋಡಿ. ಕೇಬಲ್ಲಿನಲ್ಲೇ ಕಡಿಮೆ ಬಂದರೆ ವೈಫೈಯನ್ನು ಬೈದು ಪ್ರಯೋಜನವಿಲ್ಲ.

ಎಂಟನೇ_ಮಹಡಿ

ಅಷ್ಟೆಲ್ಲ ಯಾಕೆ, ಹೆಚ್ಚು ಡಿಬಿಐ ಇರೋ ದೊಡ್ಡ ಆಂಟೆನಾದ ರೂಟರ್ ಹಾಕಿದ್ರೆ ಆಯ್ತಲ್ವಾ? ಬೆಂಗಳೂರಲ್ಲಿ ಅಪಾರ್ಟ್‌ಮೆಂಟಿಗೆ ಎಲ್ಲರೂ ಅದನ್ನೇ ತಗೊಳ್ತಾರೆ.

ಮೂರು_ಡಿಬಿ

ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಒಂದು ದಿಕ್ಕಿಗೆ ಒತ್ತುತ್ತದೆ. ನೆಟ್ಟಗೆ ನಿಂತ ಕಡ್ಡಿ ಆಂಟೆನಾ ಉದ್ದಿನವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತದೆ. ಡಿಬಿಐ (ಹೀಗೆ ಒತ್ತುವುದರ ಅಳತೆ) ಹೆಚ್ಚಿದಷ್ಟೂ ವಡೆ ಚಪ್ಪಟೆಯಾಗುತ್ತದೆ. ಅದೇ ಮಟ್ಟದ ಕೋಣೆಗೆ ಲಾಭ, ಮಹಡಿಗೆ ನಷ್ಟ. ಮೇಲಿನ ಕೋಣೆಗೆ ಬೇಕೆಂದರೆ ಒಂದು ಆಂಟೆನಾ ಅಡ್ಡ ಮಲಗಿಸಿ ನೋಡುವುದು ದುಡ್ಡಿಲ್ಲದ ಉಪಾಯ. ಆಂಟೆನಾ ಎಷ್ಟಿದ್ದರೂ ಆರ್‌ಸಿಸಿ ಸ್ಲ್ಯಾಬಿನೊಳಗಿನ ಕಬ್ಬಿಣ ಕರಗುವುದಿಲ್ಲ.

ಇವರ ಮನೆಗೂ ಅಪಾರ್ಟ್‌ಮೆಂಟಿಗೂ ರೋಗವೇ ಬೇರೆ. ನಿಮ್ಮಲ್ಲಿ ಅಕ್ಕಪಕ್ಕದ ಮನೆಗಳ ನೆಟ್‌ವರ್ಕ್ ಇಪ್ಪತ್ತು ಮೂವತ್ತು ಕಾಣುತ್ತವೆ. ಅಲ್ಲಿ ಸಿಗ್ನಲ್ ಬಲವಾಗಿಯೇ ಇರುತ್ತದೆ, ಸರದಿ ಸಿಗುವುದಿಲ್ಲ. ತೋಟದ ಮಧ್ಯದ ಒಂಟಿ ಮನೆಯಲ್ಲಿ ಸರದಿಯ ತೊಂದರೆ ಇಲ್ಲ, ಗೋಡೆಯದೇ ತೊಂದರೆ.

ಎಂಟನೇ_ಮಹಡಿ

ಸರಿ, ಒಪ್ಪಿದೆ. ಹಾಗಾದ್ರೆ ನಮ್ಮ ರೋಗಕ್ಕೂ ಒಂದು ಮದ್ದು ಹೇಳಿಬಿಡಿ. ಚಾನೆಲ್ 3 ಖಾಲಿ ಅಂತ ತೋರಿಸ್ತು, ಹಾಕಿದೆ, ಇನ್ನೂ ಹಾಳಾಯ್ತು.

ತಾಮ್ರದ_ತಂತಿ

3 ಖಾಲಿ ಇರಲಿಲ್ಲ ಸರ್. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ ಇವೆ. ಒಂದಕ್ಕೂ ಇನ್ನೊಂದಕ್ಕೂ ಅಂತರ ಬರೀ 5 ಮೆಗಾಹರ್ಟ್ಸ್, ಆದರೆ ಪ್ರತಿಯೊಂದೂ ತೆಗೆದುಕೊಳ್ಳುವ ಅಗಲ 20ಕ್ಕೂ ಮೇಲೆ. 1ರ ನಡುಬಿಂದು 2412, 6ರದು 2437, 11ರದು 2462 ಮೆಗಾಹರ್ಟ್ಸ್. ಈ ಮೂರು ಮಾತ್ರ ಒಂದರ ಮೇಲೊಂದು ಬೀಳದೆ ಕೂರುತ್ತವೆ. ನೀವು 3ರಲ್ಲಿ ಕೂತಾಗ 1ರವರಿಗೂ 6ರವರಿಗೂ ಅಡ್ಡ ಬರುತ್ತೀರಿ. ಒಂದೇ ಚಾನೆಲ್ಲಿನಲ್ಲಿರುವ ರೂಟರ್‌ಗಳು ಒಂದರ ಮಾತು ಇನ್ನೊಂದು ಅರ್ಥ ಮಾಡಿಕೊಂಡು ಸರದಿ ಕಾಯುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವಕ್ಕೆ ಅದು ಬರೀ ಗದ್ದಲ. ಪ್ಯಾಕೆಟ್ (ಕಳಿಸುವ ಡೇಟಾದ ತುಣುಕು) ಕೆಡುತ್ತದೆ, ಮತ್ತೆ ಕಳಿಸಬೇಕು. ಹಾಗಾಗಿ ಇನ್ನೊಬ್ಬರಿದ್ದರೂ 1, 6, 11ರಲ್ಲೇ ಒಂದನ್ನು ಆರಿಸಿ. ಅಗಲ 20ಕ್ಕೆ ಇಡಿ. 2.4ರಲ್ಲಿ 40 ಇಡುವುದು ಅಪಾರ್ಟ್‌ಮೆಂಟಿನಲ್ಲಿ ನಿಮಗೂ ನಷ್ಟ, ನೆರೆಯವರಿಗೂ ನಷ್ಟ.

ಫೋನು, ಟಿವಿ, ಲ್ಯಾಪ್‌ಟಾಪನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಎಬ್ಬಿಸಿಬಿಡಿ. 2018ರಲ್ಲಿ ಇಲ್ಲಿ 5 ಗಿಗಾದ ಹೆಚ್ಚಿನ ಭಾಗ ಲೈಸೆನ್ಸ್ ಇಲ್ಲದೆ ಬಳಸಲು ತೆರೆದರು, ಜಾಗ ಧಾರಾಳ ಇದೆ. 36ರಿಂದ 48 ಅಥವಾ 149ರಿಂದ 161ರ ಗುಂಪು ಸುಲಭ, ಅಗಲ 80 ಇಡಬಹುದು. 52ರಿಂದ 144ರವರೆಗಿನ ಚಾನೆಲ್ ರೇಡಾರ್ ಜೊತೆ ಹಂಚಿಕೊಳ್ಳುವಂಥವು. ರೂಟರ್ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಿ ಆಮೇಲೆ ಶುರುವಾಗುತ್ತದೆ, ರೇಡಾರ್ ಸುಳಿವು ಸಿಕ್ಕರೆ ತಕ್ಷಣ ಜಾಗ ಬಿಡುತ್ತದೆ. ರಾತ್ರಿ ಇದ್ದಕ್ಕಿದ್ದಂತೆ 5 ಗಿಗಾ ಹೆಸರು ಮಾಯವಾಗಿ ಮತ್ತೆ ಬಂದರೆ ಇದನ್ನು ಅನುಮಾನಿಸಿ. ಕೆಲವು ಟಿವಿ ಸ್ಟಿಕ್ಕುಗಳಿಗೆ ಆ ಚಾನೆಲ್ ಕಾಣುವುದೇ ಇಲ್ಲ.

ಮೈಕ್ರೊವೇವ್ ಓವನ್, ಬ್ಲೂಟೂತ್ ಎರಡೂ 2.4ರಲ್ಲೇ ಇವೆ. ಯುಎಸ್‌ಬಿ 3 ಹಾರ್ಡ್‌ಡಿಸ್ಕನ್ನು ರೂಟರಿಗೆ ಅಂಟಿಸಿ ಇಟ್ಟರೂ 2.4 ಮಂಕಾಗುತ್ತದೆ.

ಮಲೆನಾಡ_ಮನೆ

ಅಳೆದೆ. ಕೇಬಲ್ಲಿನಲ್ಲಿ 94 ಬಂತು. ಉಳಿದದ್ದು, ಮೊದಲು 5, ಆಮೇಲೆ 2.4:

ಜಗುಲಿ -42, -38
ನಡುಮನೆ -60, -51
ಅಡುಗೆಮನೆ -76, -62
ಮಹಡಿ ಕೋಣೆ -86, -73

ಬೇರೆ ಯಾರ ನೆಟ್‌ವರ್ಕೂ ಕಾಣಲ್ಲ. ಅಡುಗೆಮನೆಯಲ್ಲಿ ಲಿಂಕ್ ಸ್ಪೀಡ್ 72 ಅಂತಲೇ ಇದೆ! ಇನ್ನೊಂದು ಪ್ರಶ್ನೆ. ಹೆಸರಿನಲ್ಲಿರೋ 5ಜಿ ಅಂದ್ರೆ ಮೊಬೈಲಿನ 5ಜಿನಾ?

ಮೂರು_ಡಿಬಿ

ಅಲ್ಲ, ಸಂಬಂಧವೇ ಇಲ್ಲ. ಇಲ್ಲಿ 5 ಅಂದರೆ 5 ಗಿಗಾಹರ್ಟ್ಸ್ ಬ್ಯಾಂಡ್. ಮೊಬೈಲಿನದು ಐದನೇ ತಲೆಮಾರು. ವೈಫೈಯ ತಲೆಮಾರುಗಳಿಗೆ ಬೇರೆ ಸಂಖ್ಯೆಗಳಿವೆ. 2018ರಲ್ಲಿ ವೈಫೈ ಅಲೈಯನ್ಸ್ ಹಳೆಯ 802.11ಎನ್‌ಗೆ ವೈಫೈ 4, ಎಸಿಗೆ 5, ಎಎಕ್ಸ್‌ಗೆ 6 ಎಂದು ಹೆಸರಿಟ್ಟಿತು. ನಿಮ್ಮ ಓಎನ್‌ಟಿ ವೈಫೈ 5, ಮೂಲೆಯಲ್ಲಿ ಬಿದ್ದಿರುವುದು ವೈಫೈ 4.

ನಿಮ್ಮ ಸಂಖ್ಯೆಗಳನ್ನು ಓದುವ ಬಗೆ ಇದು. ಒಂದೇ ಜಾಗದಲ್ಲಿ, ಗೋಡೆಯೇ ಇಲ್ಲದಿದ್ದರೂ, 5 ಗಿಗಾ ಸುಮಾರು 6-7 ಡಿಬಿ ಕಡಿಮೆ ಬರುವುದು ಸಹಜ. ಬಯಲಲ್ಲಿ ದೂರ ಎರಡು ಪಟ್ಟಾದರೆ ಇನ್ನೊಂದು 6 ಡಿಬಿ ಹೋಗುತ್ತದೆ. ನಿಮ್ಮಲ್ಲಿ ಅಡುಗೆಮನೆಗೆ ಬರುವಷ್ಟರಲ್ಲಿ ಎರಡರ ಅಂತರ 14 ಆಗಿದೆ. ಹೆಚ್ಚಿನದ್ದನ್ನು ಜಂಬಿಟ್ಟಿಗೆ ನುಂಗಿದೆ, 5 ಗಿಗಾವನ್ನು ಹೆಚ್ಚು ನುಂಗಿದೆ. ತೂತು ತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಂಡಿರುತ್ತದೆ. ಒದ್ದೆ ಗೋಡೆ ಒಣಗೋಡೆಗಿಂತ ಹೆಚ್ಚು ತಿನ್ನುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಅಳೆದು -67 ಬಂತೆಂದು ನಿಶ್ಚಿಂತೆಯಿಂದ ಇರಬೇಡಿ, ಐದಾರು ಡಿಬಿ ಕೈಯಲ್ಲಿ ಇಟ್ಟುಕೊಳ್ಳಿ.

ಮಹಡಿ ಕೋಣೆಯ -73 ವೀಡಿಯೊ ಕಾಲಿಗೆ ಸಾಲದು. ಫೋನಿನಿಂದ ಡಬ್ಬಿಗೆ ಹೋಗುವುದು ಇನ್ನೂ ಐದಾರು ಕಡಿಮೆ, ಅಂದರೆ -78, -79. ನಿಮ್ಮ ದನಿ ತುಂಡಾಗುವ ಲೆಕ್ಕ ಸರಿಹೋಯಿತು.

ಅಂದ ಹಾಗೆ 94 ಎಂಬ ಸಂಖ್ಯೆ ನೆನಪಿಡಿ. 100 ಎಂಬಿಪಿಎಸ್ ಪೋರ್ಟಿನಲ್ಲಿ ಗರಿಷ್ಠ ಅಷ್ಟೇ ಬರುವುದು. ನಾಳೆ 200ರ ಪ್ಲಾನ್ ಹಾಕಿಸಿದ ಮೇಲೂ 94 ಬಂದರೆ, ಓಎನ್‌ಟಿ ಅಥವಾ ರೂಟರಿನ ಪೋರ್ಟ್ 100ರದು, ಇಲ್ಲವೇ ಕೇಬಲ್ಲಿನ ಎಂಟು ಎಳೆಯಲ್ಲಿ ಒಂದು ತುಂಡಾಗಿದೆ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು.

ತಾಮ್ರದ_ತಂತಿ

ರಿಪೀಟರ್, ಮೆಶ್, ಆಕ್ಸೆಸ್ ಪಾಯಿಂಟ್ ಬಗ್ಗೆ ನಾನು ಹೇಳ್ತೀನಿ.

ರಿಪೀಟರ್ ಗಾಳಿಯಿಂದ ಕೇಳಿಸಿಕೊಂಡದ್ದನ್ನು ಗಾಳಿಯಲ್ಲೇ ಮತ್ತೆ ಹೇಳುತ್ತದೆ. ಒಂದೇ ರೇಡಿಯೊದಲ್ಲಿ ಕೇಳಿ ಹೇಳುವುದರಿಂದ ಪ್ರತಿ ಪ್ಯಾಕೆಟ್ಟೂ ಎರಡು ಸಲ ಹೋಗಬೇಕು, ವೇಗ ಅರ್ಧ. ಜನ ಮಾಡುವ ದೊಡ್ಡ ತಪ್ಪು ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುವುದು. -80ರಲ್ಲಿ ಕೂತ ರಿಪೀಟರ್ ಫೋನಿಗೆ ಫುಲ್ ಕಡ್ಡಿ ಕೊಡುತ್ತದೆ, ಒಳಗೆ ಏನೂ ಇರುವುದಿಲ್ಲ. ಹಾಕಲೇಬೇಕಾದರೆ -60, -65 ಸಿಗುವ ನಡುಜಾಗದಲ್ಲಿ ಹಾಕಬೇಕು.

ಮೆಶ್ ಅಂದರೆ ಒಂದೇ ಹೆಸರಿನಡಿ ಒಟ್ಟಿಗೆ ನಡೆಸುವ ಎರಡು ಮೂರು ಡಬ್ಬಿ. ಡಬ್ಬಿಗಳ ನಡುವಿನ ಸಂಪರ್ಕವೂ ಗಾಳಿಯಲ್ಲೇ ಆದರೆ ಅದೂ ಗೋಡೆ ದಾಟಬೇಕಲ್ಲ? ಎರಡು ಬ್ಯಾಂಡಿನ ಅಗ್ಗದ ಮೆಶ್ ನಿಮ್ಮ ಜಂಬಿಟ್ಟಿಗೆಗೆ ರಿಪೀಟರಿಗಿಂತ ಸ್ವಲ್ಪ ಮೇಲು ಅಷ್ಟೆ. ಡಬ್ಬಿಗಳ ಮಧ್ಯೆ ಕೇಬಲ್ ಎಳೆದರೆ ಮೆಶ್ ಒಳ್ಳೆಯದು, ಆದರೆ ಕೇಬಲ್ ಎಳೆದ ಮೇಲೆ ಸಾಮಾನ್ಯ ಆಕ್ಸೆಸ್ ಪಾಯಿಂಟೂ ಸಾಕು. ಕೇಬಲ್ಲಿನಿಂದ ಬಂದದ್ದನ್ನು ವೈಫೈ ಮಾಡಿ ಹಂಚುವುದೇ ಆಕ್ಸೆಸ್ ಪಾಯಿಂಟಿನ ಕೆಲಸ.

ನನ್ನ ಮಾತು ಕೇಳುವುದಾದರೆ ಜಗುಲಿಯಿಂದ ಹಿಂದಿನ ಆರ್‌ಸಿಸಿ ಭಾಗಕ್ಕೆ ಒಂದು ಕ್ಯಾಟ್ 6 ಕೇಬಲ್ ಎಳೆಯಿರಿ. ಅಟ್ಟದ ಮೇಲಿಂದ ಒಯ್ದರೆ ಗೋಡೆ ಕೊರೆಯುವುದು ಒಂದೇ ಕಡೆ. ಪೂರ್ತಿ ತಾಮ್ರದ್ದೇ ಕೇಳಿ. ಅಗ್ಗದ್ದರಲ್ಲಿ ತಾಮ್ರ ಸವರಿದ ಅಲ್ಯುಮಿನಿಯಂ ಇರುತ್ತದೆ, ಕನೆಕ್ಟರ್ ಹತ್ತಿರ ಮುರಿಯುತ್ತದೆ. ಕರೆಂಟಿನ ವೈರಿನಿಂದ ಒಂದಡಿ ದೂರ ಇರಲಿ. ಎರಡೂ ತುದಿಗೆ ಒಂದೇ ಕ್ರಮ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಇಲಿ ಇರುವ ಅಟ್ಟವಾದರೆ ಪೈಪಿನೊಳಗೆ ಹಾಕಿ.

ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಬಹುದು. ಕ್ರಮ ತಪ್ಪಿದರೆ ರೂಟರೊಳಗೆ ಹೋಗಲಾರದೆ ಒದ್ದಾಡಬೇಕಾಗುತ್ತದೆ, ಅದಕ್ಕೇ ಹೀಗೇ ಮಾಡಿ:

1. ರೀಸೆಟ್ ಬಟನ್ ಹತ್ತು ಸೆಕೆಂಡ್ ಒತ್ತಿ. ಓಎನ್‌ಟಿಗೆ ಸೇರಿಸಬೇಡಿ, ಲ್ಯಾಪ್‌ಟಾಪ್ ಒಂದನ್ನೇ ಕೇಬಲ್ಲಿನಲ್ಲಿ ಸೇರಿಸಿ. ತಳದ ಚೀಟಿಯಲ್ಲಿರುವ ವಿಳಾಸ (192.168.0.1 ಅಥವಾ ಅಂಥದ್ದು) ತೆರೆಯಿರಿ.
2. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಆಗ 4ನೆಯ ಹೆಜ್ಜೆ ಬೇಡ.
3. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಹಾಕಿ. ಹೆಸರು (ಎಸ್‌ಎಸ್‌ಐಡಿ ಅನ್ನುವುದು ಇದನ್ನೇ) ಮತ್ತು ಪಾಸ್‌ವರ್ಡ್ ಓಎನ್‌ಟಿಯ 2.4ರದ್ದೇ ಇರಲಿ, ಚಾನೆಲ್ ಬೇರೆ ಇರಲಿ. ಅಲ್ಲಿ 1 ಇದ್ದರೆ ಇಲ್ಲಿ 11.
4. ರೂಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ (ಓಎನ್‌ಟಿ 192.168.1.1 ಆಗಿದ್ದರೆ). ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ.
5. ಓಎನ್‌ಟಿಯಿಂದ ಬಂದ ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಹಾಕಿ. ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಇರಲಿ. ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿದ್ದರೆ ಎಷ್ಟೋ ಮಾದರಿಗಳಲ್ಲಿ ಎರಡೂ ಪೋರ್ಟ್ ಒಂದೇ.

ಡಿಎಚ್‌ಸಿಪಿ ಅಂದರೆ ಪ್ರತಿ ಸಾಧನಕ್ಕೆ ಐಪಿ ವಿಳಾಸ ಹಂಚುವ ಕೆಲಸ. ಮನೆಯಲ್ಲಿ ಇದನ್ನು ಓಎನ್‌ಟಿ ಒಂದೇ ಮಾಡಬೇಕು. ಇಬ್ಬರು ಹಂಚಲು ಕೂತರೆ ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ವೈಫೈ ಸೇರಿದರೂ ನೆಟ್ ಇಲ್ಲ. ಓಎನ್‌ಟಿಯ ಹಂಚಿಕೆ ಪಟ್ಟಿ .10ರಿಂದಲೋ .100ರಿಂದಲೋ ಶುರುವಾಗುವಂತೆ ಇಡಿ, .2 ಅದರೊಳಗೆ ಬರಬಾರದು. ವ್ಯಾನ್ ಪೋರ್ಟಿಗೆ ಚುಚ್ಚಿದರೂ ನೆಟ್ ಬರುತ್ತದೆ, ಆದರೆ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಆಗಿ ಪ್ರಿಂಟರ್, ಕ್ಯಾಮೆರಾ ಒಂದಕ್ಕೊಂದು ಕಾಣುವುದಿಲ್ಲ.

ಒಂದು ಮಿತಿ ಹೇಳಿಬಿಡ್ತೀನಿ: ಹಳೇ ರೂಟರಿನಲ್ಲಿ 5 ಗಿಗಾ ಇಲ್ಲ. ಮಹಡಿಯಲ್ಲಿ -45 ಬಂದರೂ 40 ಎಂಬಿಪಿಎಸ್ ಆಸುಪಾಸು, ಫೋನ್ ಎರಡು ಆಂಟೆನಾದ್ದಾದರೆ 70-80. ಕಾಲಿಗೆ, ಪಾಠಕ್ಕೆ ಅದು ಧಾರಾಳ. ಪಕ್ಕದಲ್ಲಿ ಯಾರೂ ಇಲ್ಲದಿರುವುದರಿಂದ 40 ಮೆಗಾಹರ್ಟ್ಸ್ ಅಗಲ ಇಟ್ಟು ನೋಡುವ ಸ್ವಾತಂತ್ರ್ಯ ನಿಮಗಿದೆ. ಆದರೆ ಆಗ ಎರಡು ಡಬ್ಬಿಗಳ ಚಾನೆಲ್ ಒಂದರ ಮೇಲೊಂದು ಬೀಳುತ್ತೆ, ಹಾಗಾಗಿ ನಾನಾದರೆ 20ರಲ್ಲೇ ಬಿಡ್ತೀನಿ.

ಮೂರು_ಡಿಬಿ

ಮೇಲಿನದಕ್ಕೆ ಒಂದು ಸೇರಿಕೆ. ಯಾವ ಡಬ್ಬಿಗೆ ಸೇರಬೇಕೆಂದು ತೀರ್ಮಾನಿಸುವುದು ಫೋನು, ರೂಟರ್ ಅಲ್ಲ. ಐಫೋನು ಸಿಗ್ನಲ್ -70ಕ್ಕೆ ಇಳಿದ ಮೇಲಷ್ಟೇ ಇನ್ನೊಂದನ್ನು ಹುಡುಕುತ್ತದೆ, ಮ್ಯಾಕ್ -75ಕ್ಕೆ. ಜಗುಲಿಯಿಂದ ಅಡುಗೆಮನೆಗೆ ಬಂದರೂ -62ರ 2.4 ಸಿಗುತ್ತಿರುವುದರಿಂದ ಫೋನು ಓಎನ್‌ಟಿಯನ್ನು ಬಿಡುವುದಿಲ್ಲ. ಆಗ ಓಎನ್‌ಟಿಯ 2.4 ಶಕ್ತಿಯನ್ನು ಸೆಟಿಂಗಿನಲ್ಲಿ ಮಧ್ಯಮಕ್ಕೆ ಇಳಿಸಿ. ಶಕ್ತಿ ಕಡಿಮೆ ಮಾಡಿದರೆ ನೆಟ್ ಚೆನ್ನಾಗುವುದು ವಿಚಿತ್ರವಾಗಿ ಕಂಡೀತು, ಆದರೂ ಎರಡು ಡಬ್ಬಿಯ ಮನೆಯಲ್ಲಿ ಹಾಗೇ ಆಗುತ್ತದೆ.

ಭದ್ರತೆಯ ಕಡೆ ಡಬ್ಲ್ಯುಪಿಎ2 ಎಇಎಸ್ ಆರಿಸಿ. ಫೋನುಗಳೆಲ್ಲ ಹೊಸದಾಗಿದ್ದು, ಎರಡು ಡಬ್ಬಿಗಳಲ್ಲೂ ಆಯ್ಕೆ ಇದ್ದರೆ ಡಬ್ಲ್ಯುಪಿಎ3. ಹಳೇ ಟಿಕೆಐಪಿ ಗೂಢಲಿಪಿ ಆರಿಸಿದರೆ ವೈಫೈ 4ರ ವೇಗವೇ ಬರುವುದಿಲ್ಲ, 54ಕ್ಕೆ ನಿಲ್ಲುತ್ತದೆ. ಹಳೇ ರೂಟರಿನಲ್ಲಿ ಇದು ಸಾಮಾನ್ಯವಾಗಿ ಕಾಣುವ ತೊಂದರೆ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈ ಸೇರುವ ವ್ಯವಸ್ಥೆ) ಪಿನ್ ಆಫ್ ಮಾಡಿ. ಎಂಟಂಕಿಯ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಪ್ರಯತ್ನದೊಳಗೆ ಸಿಕ್ಕಿಬೀಳುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ. ಎಸ್‌ಎಸ್‌ಐಡಿ ಮುಚ್ಚಿಡುವುದರಿಂದ ಕಳ್ಳರಿಗೆ ಏನೂ ಅಡ್ಡಿಯಾಗುವುದಿಲ್ಲ, ಮನೆಯವರಿಗೇ ಕಷ್ಟ.

ಕರಾವಳಿ_ಕೇಬಲ್

ಪಂಪ್‌ಹೌಸ್ ವಿಷಯಕ್ಕೆ ಬರುವಾ ಮಾರಾಯ್ರೆ. 160 ಮೀಟರಿಗೆ ಕ್ಯಾಟ್ 6 ಬೇಡವೇ ಬೇಡ. ಒಂದು, ಅದರ ಮಿತಿ 100 ಮೀಟರ್. ಎರಡು, ಮಲೆನಾಡಿನ ಸಿಡಿಲು. ತೋಟದುದ್ದಕ್ಕೆ ಹಾಸಿದ ತಾಮ್ರದ ತಂತಿ ಎಂದರೆ ಪಂಪ್‌ಹೌಸಿಗೆ ಬಂದ ಏಟನ್ನು ಓಎನ್‌ಟಿವರೆಗೆ ತಂದುಕೊಡುವ ದಾರಿ.

ಗಾಳಿಯಲ್ಲಿ ಮಾಡುವುದಾದರೆ ಎರಡು ಹೊರಾಂಗಣ ಸಿಪಿಇ (ಒಂದು ದಿಕ್ಕಿಗೆ ಮುಖ ಮಾಡಿ ವೈಫೈ ಕಳಿಸುವ ಡಬ್ಬಿ) ಬೇಕು, 5 ಗಿಗಾದ್ದು, 13 ಡಿಬಿಐ ಆಂಟೆನಾದ ಟಿಪಿ-ಲಿಂಕ್ ಸಿಪಿಇ510 ಥರದ್ದು. ಲೆಕ್ಕ ನೋಡಿ: 160 ಮೀಟರಿನಲ್ಲಿ 5.8 ಗಿಗಾಹರ್ಟ್ಸ್‌ಗೆ ಬಯಲಿನ ನಷ್ಟ ಸುಮಾರು 92 ಡಿಬಿ. ಕಳಿಸುವುದು 20, ಎರಡು ಆಂಟೆನಾ ಸೇರಿ 26, ಒಟ್ಟು 46. 92 ಕಳೆದರೆ -46 ಡಿಬಿಎಂ. ಕಾಗದದ ಮೇಲೆ ಭರ್ಜರಿ. ಆದರೆ ಇದು ನಡುವೆ ಏನೂ ಇಲ್ಲದಿದ್ದರೆ ಮಾತ್ರ. ಕಣ್ಣಿಗೆ ಆ ತುದಿ ಕಂಡರೂ ಸಾಲದು, ನೇರ ಗೆರೆಯ ಸುತ್ತ ಸ್ವಲ್ಪ ಜಾಗ ಖಾಲಿ ಇರಬೇಕು. ಇದನ್ನೇ ಫ್ರೆನೆಲ್ ವಲಯ ಅನ್ನುವುದು. ನಿಮ್ಮ ದೂರಕ್ಕೆ ಮಧ್ಯಭಾಗದಲ್ಲಿ ಅದರ ತ್ರಿಜ್ಯ ಒಂದೂವರೆ ಮೀಟರ್ ಆಗುತ್ತದೆ, ಅದರ ಅರವತ್ತು ಪ್ರತಿಶತವಾದರೂ, ಎಂದರೆ ಸುತ್ತ ಒಂದು ಮೀಟರ್, ತೆರವಿರಬೇಕು. ಅಡಿಕೆ ತೋಟದಲ್ಲಿ ಕೆಳಗೆ ಮರದ ಬೊಡ್ಡೆ, ಮೇಲೆ ಸೋಗೆ, ನಡುವೆ ಕಾಳುಮೆಣಸಿನ ಬಳ್ಳಿ. ಮಳೆ ಬಂದು ಸೋಗೆ ಒದ್ದೆಯಾದರೆ ಬೇಸಿಗೆಯಲ್ಲಿ ನಡೆದ ಲಿಂಕು ಜೂನಿನಲ್ಲಿ ಮಲಗುತ್ತದೆ. ಗದ್ದೆ ಬಯಲಿನ ಆಚೆ ಪಂಪ್‌ಹೌಸ್ ಇದ್ದರೆ ಕಣ್ಣು ಮುಚ್ಚಿ ಸಿಪಿಇ ಹಾಕಿ ಅಂತಿದ್ದೆ. ತೋಟದೊಳಗೆ ಬೇಡ.

ಫೈಬರ್ ಹಾಕಿ. ಮನೆಗೆ ಬಂದಿದೆಯಲ್ಲ ಅಂಥದ್ದೇ ಒಂದೆಳೆ ಡ್ರಾಪ್ ಕೇಬಲ್, 200 ಮೀಟರ್. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿಗೂ ತಾಮ್ರದ ನೆಟ್ ಕೇಬಲ್ಲಿಗೂ ನಡುವೆ ಕೂರುವ ಡಬ್ಬಿ) ಜೋಡಿ. ಜೋಡಿಯೇ ಬೇಕು: ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುವುದು, ಇನ್ನೊಂದು ಅದರ ಉಲ್ಟಾ. ಎರಡೂ ಒಂದೇ ಬಗೆ ತಂದರೆ ಲೈಟು ಹತ್ತುವುದಿಲ್ಲ. ಕನೆಕ್ಟರಿನ ಬಣ್ಣ ನೋಡಿ. ಓಎನ್‌ಟಿಗೆ ಬರುವುದು ಹೆಚ್ಚಾಗಿ ಹಸಿರು, ಓರೆಯಾಗಿ ಉಜ್ಜಿದ್ದು. ಕನ್ವರ್ಟರಿಗೆ ಹೋಗುವುದು ನೀಲಿ. ಹಸಿರನ್ನು ನೀಲಿಗೆ ತುರುಕಿದರೆ ಕೂರುತ್ತದೆ, ಆದರೆ ಬೆಳಕು ಸೋರುತ್ತದೆ, ಮುಖವೂ ಗೀರಾಗಬಹುದು. ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಊರಿನ ಕೇಬಲ್ ಹುಡುಗರ ಹತ್ತಿರ ಇರುತ್ತದೆ, ಎರಡು ತುದಿಗೆ ಎರಡು ಜೋಡಣೆ, ಅಷ್ಟೇ ಕೆಲಸ.

ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಒಂದೂವರೆ ಎರಡಡಿ ಆಳಕ್ಕೆ ಹೂಳಿ, ಗುದ್ದಲಿಯ ಏಟಿಗೂ ಹಂದಿ ಕೆದಕುವುದಕ್ಕೂ ಸಿಗಬಾರದು. ತಿರುವು 3 ಸೆಂಟಿಮೀಟರಿಗಿಂತ ಬಿಗಿ ಬೇಡ. ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಜೋತುಬಿಡಲು ಉಕ್ಕಿನ ತಂತಿ ಇರುತ್ತದೆ, ಕೆಲವದರ ಒಳಗೂ ಸಣ್ಣ ಉಕ್ಕಿನ ಎಳೆ ಇರುತ್ತದೆ. ಸಿಡಿಲಿಗೆ ಅದೂ ತಂತಿಯೇ! ಒಳಗೆ ಉಕ್ಕಿನ ಬದಲು ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಕೇಳಿ ತನ್ನಿ, ಹೊರಗಿನ ಉಕ್ಕಿನ ತಂತಿಯನ್ನು ಸೀಳಿ ತೆಗೆದುಬಿಡಿ.

2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಕ್ಕೆ ಎಚ್.265ರಲ್ಲಿ (ವೀಡಿಯೊ ಕುಗ್ಗಿಸುವ ಹೊಸ ಬಗೆ) ಸುಮಾರು 2, ಹಳೇ ಎಚ್.264ರಲ್ಲಿ 4 ಎಂಬಿಪಿಎಸ್ ಹಿಡಿಯುತ್ತದೆ. 100ರ ಕನ್ವರ್ಟರೇ ಬೇಕಾದಷ್ಟಾಯಿತು, ಗಿಗಾಬಿಟ್‌ಗೆ ದುಡ್ಡು ಹಾಕಬೇಡಿ. ಕ್ಯಾಮೆರಾದ ಫ್ಯಾಕ್ಟರಿ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ.

ಮಲೆನಾಡ_ಮನೆ

ತುಂಬಾ ಉಪಕಾರ ಆಯ್ತು. ಫೈಬರ್, ಅಟ್ಟದ ಮೇಲಿಂದ ಕ್ಯಾಟ್ 6, ಹಳೇ ರೂಟರ್, ಇದೇ ಗಟ್ಟಿ. ಕೊನೇದಾಗಿ ಎರಡು. ಮಳೆಗಾಲದಲ್ಲಿ ಕರೆಂಟು ಹೋದಾಗ ಓಎನ್‌ಟಿ ಮತ್ತು ರೂಟರಿಗೆ ಮಿನಿ ಯುಪಿಎಸ್ ಎಷ್ಟರದ್ದು ಬೇಕು? ಮಹಡಿಗೆ ಮುಂದೆ 6 ಗಿಗಾದ ರೂಟರ್ ತಗೊಂಡರೆ ಹೇಗೆ?

ತಾಮ್ರದ_ತಂತಿ

ಮಿನಿ ಯುಪಿಎಸ್ ಮೇಲಿನ 8800 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಗುಣಿಸಿದರೆ 32 ವ್ಯಾಟ್‌ಅವರ್. ಓಎನ್‌ಟಿ 8 ವ್ಯಾಟ್ ಎಳೆದರೆ ಪರಿವರ್ತನೆಯ ನಷ್ಟ ಕಳೆದು ಮೂರು ಗಂಟೆ ಚಿಲ್ಲರೆ. ಹಳೇ ರೂಟರಿಗೆ ಬೇರೆಯದೇ ಬೇಕು, ಅದು ಇರುವುದು ಹಿಂದುಗಡೆ. ಕೊಳ್ಳುವ ಮೊದಲು ಎರಡರ ಅಡಾಪ್ಟರ್ ತಿರುಗಿಸಿ ಓದಿ: 12 ವೋಲ್ಟಾ, 9 ವೋಲ್ಟಾ? 9ರ ರೂಟರಿಗೆ 12 ಕೊಟ್ಟರೆ ಅದು ಸುಟ್ಟುಹೋಗಬಹುದು. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇದ್ದರೆ ಆಗಾಗ ರೀಸ್ಟಾರ್ಟ್ ಆಗುತ್ತಿರುತ್ತದೆ. ಪಂಪ್‌ಹೌಸಿನ ಕನ್ವರ್ಟರ್ 5 ವೋಲ್ಟಿನದು, ಅದಕ್ಕೆ ಯುಎಸ್‌ಬಿ ಔಟ್ ಇರುವ ಯುಪಿಎಸ್ ನೋಡಿ. ಕ್ಯಾಮೆರಾಗಳಿಗೆ ಮಾತ್ರ 12 ವೋಲ್ಟ್ ಬೇಕಾದೀತು.

ಮೂರು_ಡಿಬಿ

6 ಗಿಗಾ ನಿಮಗೆ ಬೇಡ. 5 ಗಿಗಾವೇ ಜಂಬಿಟ್ಟಿಗೆ ದಾಟಲು ಏದುಸಿರು ಬಿಡುತ್ತಿದೆ, 6 ಅದಕ್ಕಿಂತ ಮುಂದೆ ಹೋಗುವುದಿಲ್ಲ. ಅದರ ಲಾಭ ನೆರೆಯವರ ಗದ್ದಲ ಇರುವಲ್ಲಿ, ಅಂದರೆ ಎಂಟನೇ ಮಹಡಿಯವರಿಗೆ. ಇಲ್ಲಿ ಆ ಬ್ಯಾಂಡಿನ 5925-6425 ಮೆಗಾಹರ್ಟ್ಸ್ ಭಾಗಕ್ಕೆ ಕರಡು ನಿಯಮ ಬಂದದ್ದೇ 2025ರ ಮೇಯಲ್ಲಿ. ಹೊರದೇಶದಿಂದ ತರಿಸಿದ ಡಬ್ಬಿಯಲ್ಲಿ ಭಾರತ ಎಂದು ಆರಿಸಿದಾಗ 6 ಗಿಗಾ ಆನ್ ಆಗುತ್ತದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಹಳೇ ರೂಟರ್ ಸಾಲದೆನಿಸಿದ ದಿನ ಗಿಗಾಬಿಟ್ ಪೋರ್ಟಿರುವ, ಎರಡು ಬ್ಯಾಂಡಿನ ವೈಫೈ 6 ರೂಟರ್ ತಂದು ಅದೇ ಕೇಬಲ್ಲಿಗೆ ಹಾಕಿ. 5 ಗಿಗಾವನ್ನು ಓಎನ್‌ಟಿಯಲ್ಲಿ 36ಕ್ಕೆ, ಅದರಲ್ಲಿ 149ಕ್ಕೆ ಇಡಿ.